ನಿಮಗಿದು ಗೊತ್ತೆ? ಕಡಲು ದಾಟಿದ ಮಸಾಲೆ
ಜಮೈಕಾದ ಮದುವೆ, ಹಬ್ಬಗಳ ಆಡಿನ ಮಾಂಸದ ಅಡುಗೆ ‘ಕರಿ ಗೋಟ್’ನ ಬೇರು ಭಾರತದಲ್ಲಿದೆ. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ಅರಿಸಿನ, ಕೊತ್ತಂಬರಿ, ಜೀರಿಗೆಯ ರುಚಿಯನ್ನು ಅಲ್ಲಿಗೆ ಒಯ್ದರು. ಹಾಗಾದರೆ ಅದು ನಮ್ಮದೇ ಸಾರಲ್ಲವೇ ಎಂದರೆ ಒಪ್ಪಲಾಗದು. ಆ ದ್ವೀಪದಲ್ಲಿ ಸಹಜವಾಗಿ ಬೆಳೆಯುವ ಆಲ್‌ಸ್ಪೈಸ್ ಕಾಳು, ಥೈಮ್ ಸೊಪ್ಪು, ಇಡಿಯಾಗಿಯೇ ಹಾಕುವ ಘಾಟಿನ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಅದರ ಪರಿಮಳವನ್ನೇ ಬದಲಿಸಿವೆ. ಮೂಲವೊಂದನ್ನೇ ನೋಡಿದರೆ, ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ ಬಿದ್ದ ನಮ್ಮ ಸಾರೂ ನಮ್ಮದಾಗದು. ಮನೆಯಲ್ಲಿ ಕರಿ ಗೋಟ್ ಮಾಡುವವರು ಮೂಳೆಸಹಿತ ಮಾಂಸವನ್ನೇ ತರಬೇಕು. ಸಣ್ಣ ಉರಿಯಲ್ಲಿ 2–3 ಗಂಟೆ ಬೆಂದಾಗ ಅದರ ಕೊಲಾಜೆನ್ ಜೆಲಾಟಿನ್ ಆಗಿ ಕರಗಿ, ಹಿಟ್ಟು ಬೆರೆಸದೆಯೇ ರಸ ಗಟ್ಟಿಯಾಗುತ್ತದೆ. ಕುಕ್ಕರ್ ಸಾಲದೇ? ಮಾಂಸ ಬೇಗ ಮೆತ್ತಗಾಗುವುದು ನಿಜ, ಆದರೆ ನೀರು ಹಿಂಗದು. ಮುಚ್ಚಳ ತೆಗೆದು ಮತ್ತೆ ಕುದಿಸಲೇಬೇಕು.