ಹ್ಯಾಕಿಂಟಾಷ್ ಲ್ಯಾಪ್‌ಟಾಪ್: ಕಾವು ಇಳಿಸೋದು ಹೇಗೆ, ಅಪ್‌ಡೇಟ್ ಒತ್ತೋದು ಯಾವಾಗ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮನೆಯಿಂದಲೇ ಕೆಲಸ ಮಾಡೋ ಹುಡುಗ ಹುಡುಗಿಯರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಐಫೋನ್ ಆ್ಯಪ್ ಮಾಡಬೇಕಂದ್ರೆ ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್ ಓಡೋದು ಮ್ಯಾಕ್‌ನಲ್ಲಿ ಮಾತ್ರ, ಮ್ಯಾಕ್ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ಹೀಗಾಗಿ ಹಳೇ ಇಂಟೆಲ್ ಲ್ಯಾಪ್‌ಟಾಪ್‌ಗೆ ಮ್ಯಾಕ್‌ಓಎಸ್ ಹಾಕಿಕೊಂಡವರಿದ್ದಾರೆ. ಅದನ್ನೇ ಹ್ಯಾಕಿಂಟಾಷ್ ಅನ್ನೋದು. ಮೊದಲೇ ಒಂದು ಮಾತು: ಆಪಲ್‌ನ ಪರವಾನಗಿ ಪ್ರಕಾರ ಮ್ಯಾಕ್‌ಓಎಸ್ ಹಾಕಬೇಕಾದ್ದು ಆಪಲ್ ಕಂಪ್ಯೂಟರ್‌ಗೆ ಮಾತ್ರ. ಏನಾದರೂ ಕೆಟ್ಟರೆ ಯಾವ ಸರ್ವಿಸ್ ಸೆಂಟರ್‌ನವರೂ ಜವಾಬ್ದಾರಿ ಹೊರೋದಿಲ್ಲ. ಇದು ತಿಳಿದಿರಲಿ.

ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಮಾತ್ರ ಇದ್ದಲ್ಲೇ ಇದೆ. ಹ್ಯಾಕಿಂಟಾಷ್ ಕಥೆಯೂ ಹೀಗೇ. ಓಪನ್‌ಕೋರ್ ಅನ್ನೋ ಬೂಟ್‌ಲೋಡರ್, "ನಾನು ಮ್ಯಾಕ್‌ಬುಕ್ ಪ್ರೊ" ಅಂತ ಯಂತ್ರದ ವಿಳಾಸ ಬದಲಿಸಿ ಹೇಳುತ್ತೆ. ಒಳಗಿನ ಪ್ರೊಸೆಸರ್ ಮಾತ್ರ ಹಳೆಯದೇ. ವಿಳಾಸಕ್ಕೂ ಒಳಗಿನ ಯಂತ್ರಕ್ಕೂ ಹೊಂದಿಕೆ ಸರಿಯಾಗದಿದ್ದರೆ ಪ್ರೊಸೆಸರ್ ಕೆಲಸ ಇಲ್ಲದಾಗಲೂ ವೇಗ ಇಳಿಸೋದಿಲ್ಲ. ಫ್ಯಾನ್ ನಿಲ್ಲೋದಿಲ್ಲ, ಬ್ಯಾಟರಿ ಬೇಗ ಖಾಲಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಕೇಳೋದೇ ಬೇಡ.

ಕಾವು ಎಲ್ಲಿಂದ ಬರ್ತಿದೆ, ನೋಡಿ

ಮೊದಲು ಫ್ಯಾನ್ ಬಿಚ್ಚಿಸಿ ಧೂಳು ತೆಗೆಸಿ, ಹಳೇ ಥರ್ಮಲ್ ಪೇಸ್ಟ್ ಬದಲಾಯಿಸಿ. ಗಾಳಿ ಹೋಗೋ ದಾರಿಯೇ ಕಟ್ಟಿದ್ದರೆ ಸಾಫ್ಟ್‌ವೇರ್ ಏನೂ ಮಾಡಲಾರದು.

ಎರಡನೆಯದು, ಲ್ಯಾಪ್‌ಟಾಪ್‌ನಲ್ಲಿ ಬೇರೆ ಎನ್ವಿಡಿಯಾ ಗ್ರಾಫಿಕ್ಸ್ ಚಿಪ್ ಇದೆಯಾ ನೋಡಿ. ಇಂಟೆಲ್ ಜೊತೆ ಜೋಡಿಯಾಗಿ ಬರುವ ಆ ಚಿಪ್ಪನ್ನು ಮ್ಯಾಕ್‌ಓಎಸ್ ಬಳಸೋದೇ ಇಲ್ಲ. ಆದರೂ ಅದು ಸುಮ್ಮನೆ ಕರೆಂಟ್ ಕುಡಿಯುತ್ತಾ ಕೂತಿರುತ್ತೆ. ಎಸಿಪಿಐ ಪ್ಯಾಚ್ ಹಾಕಿ ಅದನ್ನು ಪೂರ್ತಿ ಆಫ್ ಮಾಡಿ. ಎಷ್ಟೋ ಯಂತ್ರಗಳಲ್ಲಿ ಕಾವು ಇಲ್ಲೇ ಇಳಿಯುತ್ತೆ.

ಮೂರನೆಯದು ಪ್ರೊಸೆಸರ್. ನಾಲ್ಕನೇ ತಲೆಮಾರಿನ ಹ್ಯಾಸ್ವೆಲ್‌ನಿಂದ ಈಚೆಗೆ ವಿದ್ಯುತ್ ನಿರ್ವಹಣೆ ಮ್ಯಾಕ್‌ಓಎಸ್‌ನಲ್ಲೇ ಇದೆ. ಅದನ್ನು ಎಬ್ಬಿಸೋಕೆ ಎಸ್‌ಎಸ್‌ಡಿಟಿ-ಪ್ಲಗ್ ಅನ್ನೋ ಸಣ್ಣ ಫೈಲ್ ಬೇಕು. ಮಾಂಟೆರೆ 12.3ರಿಂದ ಮುಂದೆ ಅದಿಲ್ಲದೆಯೂ ನಡೆಯುತ್ತೆ. ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಐಓ ರಿಜಿಸ್ಟ್ರಿ ಎಕ್ಸ್‌ಪ್ಲೋರರ್ ತೆರೆದು ಮೊದಲ ಸಿಪಿಯು ಕೆಳಗೆ ಎಕ್ಸ್86-ಪ್ಲಾಟ್‌ಫಾರ್ಮ್-ಪ್ಲಗಿನ್ ಅನ್ನೋ ಹೆಸರು ಹುಡುಕಿ. ಇದ್ದರೆ ಸರಿ. ಅದಿದ್ದೂ ವೇಗದ ಏರಿಳಿತ ಸರಿಯಿಲ್ಲ ಅನ್ನಿಸಿದರೆ ಸಿಪಿಯು-ಫ್ರೆಂಡ್ ಕೆಕ್ಸ್ಟ್‌ನಿಂದ ಹೊಂದಿಸಬಹುದು. ಎರಡನೇ, ಮೂರನೇ ತಲೆಮಾರಿನವರಿಗೆ ದಾರಿ ಬೇರೆ: ಅವರವರ ಪ್ರೊಸೆಸರ್‌ಗೆ ತಕ್ಕ ಟೇಬಲ್ಲನ್ನು ಎಸ್‌ಎಸ್‌ಡಿಟಿ-ಪಿಆರ್-ಜೆನ್ ಸ್ಕ್ರಿಪ್ಟ್‌ನಿಂದ ತಾವೇ ತಯಾರಿಸಿಕೊಳ್ಳಬೇಕು.

ಯಂತ್ರ ಬೂಟ್ ಆಗೋದೇ ಇಲ್ಲವಾದರೆ ಸಿಎಫ್‌ಜಿ ಲಾಕ್ ನೆನಪಿಸಿಕೊಳ್ಳಿ. ಲ್ಯಾಪ್‌ಟಾಪ್ ಬಯಾಸ್‌ನಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಕಾಣಿಸೋದೇ ಇಲ್ಲ. ಆಗ ಓಪನ್‌ಕೋರ್‌ನಲ್ಲಿ ಆಪಲ್-ಎಕ್ಸ್‌ಸಿಪಿಎಂ-ಸಿಎಫ್‌ಜಿ-ಲಾಕ್ ಆನ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಡಿ, ಮುಂದೆ ಹೋಗಿ. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಕೆಟ್ಟಿತು ಅಂತಲೇ ತಿಳಿಯೋದಿಲ್ಲ.

ಅಪ್‌ಡೇಟ್ ಬಂದಿದೆ, ಒತ್ತಲೇ?

ತಕ್ಷಣ ಬೇಡ. ನಾಳೆ ಬೆಳಿಗ್ಗೆ ಕ್ಲೈಂಟ್‌ಗೆ ಕೆಲಸ ಕೊಡಬೇಕಿದ್ದರಂತೂ ಬೇಡವೇ ಬೇಡ. ಮನೆಯಲ್ಲಿ ಇರೋದು ಒಂದೇ ಯಂತ್ರ ಅಂದರೆ ಅದು ನಿಂತ ದಿನ ಸಂಪಾದನೆಯೂ ನಿಂತ ಹಾಗೆ.

ಕ್ರಮ ಹೀಗಿರಲಿ. ಮೊದಲು ಟೈಮ್ ಮಷಿನ್‌ನಲ್ಲಿ ಪೂರ್ತಿ ಬ್ಯಾಕಪ್. ಆಮೇಲೆ ಈಗ ಚೆನ್ನಾಗಿ ಓಡ್ತಿರೋ ಇಎಫ್‌ಐ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಆ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಾ ಅಂತ ನೋಡಿಕೊಳ್ಳಿ. ನಂತರ ಓಪನ್‌ಕೋರ್, ಲಿಲು, ವರ್ಚುಯಲ್-ಎಸ್‌ಎಂಸಿ ಮತ್ತು ಉಳಿದ ಕೆಕ್ಸ್ಟ್‌ಗಳನ್ನು ಹೊಸದು ಮಾಡಿ ಒಂದು ಸಲ ಬೂಟ್ ಮಾಡಿ. ಎಲ್ಲ ಸರಿ ಇದ್ದರೆ ಮಾತ್ರ ಮ್ಯಾಕ್‌ಓಎಸ್ ಅಪ್‌ಡೇಟ್. ಡೌನ್‌ಲೋಡ್ ಹಲವು ಜಿಬಿ ಇರುತ್ತೆ, ನಡುವೆ ಹಲವು ಸಲ ರೀಸ್ಟಾರ್ಟ್ ಆಗುತ್ತೆ. ಕರೆಂಟ್ ಹೋಗೋ ಹೊತ್ತಲ್ಲಿ ಶುರು ಮಾಡಬೇಡಿ, ಬ್ಯಾಟರಿ ತುಂಬಿರಲಿ.

ಇಂಟೆಲ್ ವೈಫೈ ಇರೋರು ಇನ್ನೊಂದು ವಿಷಯ ಗಮನಿಸಿ. ಏರ್‌ಪೋರ್ಟ್-ಐಟಿಎಲ್‌ಡಬ್ಲ್ಯೂಎಂ ಕೆಕ್ಸ್ಟ್ ಪ್ರತಿ ಮ್ಯಾಕ್‌ಓಎಸ್ ಆವೃತ್ತಿಗೂ ಬೇರೆ ಬೇರೆ. ಹೊಸದನ್ನು ಮೊದಲೇ ಇಳಿಸಿ ಇಟ್ಟುಕೊಳ್ಳದಿದ್ದರೆ ಅಪ್‌ಡೇಟ್ ಆದ ಮೇಲೆ ಇಂಟರ್ನೆಟ್ಟೂ ಇಲ್ಲ, ಇಳಿಸಿಕೊಳ್ಳೋ ದಾರಿಯೂ ಇಲ್ಲ. ಇನ್ನು, ಟಿ2 ಚಿಪ್ ಇರೋ ಮ್ಯಾಕ್ ಹೆಸರು ಹಾಕಿಕೊಂಡವರಿಗೆ ಅಪ್‌ಡೇಟೇ ಕಾಣಿಸದೆ ಇರಬಹುದು. ಆಗ ರೆಸ್ಟ್ರಿಕ್ಟ್-ಈವೆಂಟ್ಸ್ ಕೆಕ್ಸ್ಟ್ ಹಾಕಿ ಅದರ ಎಸ್‌ಬಿವಿಎಂಎಂ ಆಯ್ಕೆ ಬಳಸಿ.

ಈ ದಾರಿ ಎಲ್ಲಿವರೆಗೆ?

ಆಪಲ್ ತನ್ನ ಮೊದಲ ಇಂಟೆಲ್ ಮ್ಯಾಕ್‌ಗಳನ್ನು ಮಾರಿದ್ದು 2006ರಲ್ಲಿ, ಸ್ವಂತ ಎಂ1 ಚಿಪ್ ತಂದದ್ದು 2020ರ ನವೆಂಬರ್‌ನಲ್ಲಿ. 2025ರ ಜೂನ್‌ನಲ್ಲಿ ಅದು ನೇರವಾಗಿ ಹೇಳಿಬಿಟ್ಟಿತು: ಮ್ಯಾಕ್‌ಓಎಸ್ 26 ಟಾಹೋ, ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ. ಹ್ಯಾಕಿಂಟಾಷ್‌ಗೂ ಅಲ್ಲಿಗೇ ದಾರಿ ಮುಗೀತು. ಟಾಹೋದಲ್ಲಿ ಹಳೇ ಆಪಲ್-ಎಚ್‌ಡಿಎ ಧ್ವನಿ ಚಾಲಕವನ್ನೂ ತೆಗೆದಿದ್ದಾರೆ. ಹಾಗಾಗಿ ಅದಕ್ಕೆ ಹೋದರೆ ಸ್ಪೀಕರ್ ಮೌನವಾಗಬಹುದು. ಸಿಕೋಯಾದಲ್ಲಿ ಎಲ್ಲ ಸರಿ ಓಡ್ತಿದ್ದರೆ ಸದ್ಯಕ್ಕೆ ಅಲ್ಲೇ ಇರಿ, ಸಣ್ಣ ಸುರಕ್ಷತಾ ಅಪ್‌ಡೇಟ್‌ಗಳನ್ನು ಮಾತ್ರ ಕೆಲವು ದಿನ ಕಾದು ಹಾಕಿಕೊಳ್ಳಿ.

ಹ್ಯಾಕಿಂಟಾಷ್‌ಗಾಗಿಯೇ ಈಗ ಹೊಸದಾಗಿ ಲ್ಯಾಪ್‌ಟಾಪ್ ಕೊಳ್ಳೋ ಯೋಚನೆ ಇದ್ದರೆ ಬಿಟ್ಟುಬಿಡಿ. ಇಂಟೆಲ್ 11ನೇ ತಲೆಮಾರಿನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ಗೆ ಮ್ಯಾಕ್‌ಓಎಸ್‌ನಲ್ಲಿ ಬೆಂಬಲವೇ ಇಲ್ಲ. ಅದೇ ದುಡ್ಡಿಗೆ ಒಂದಿಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಎಂ1 ಮ್ಯಾಕ್ ಹುಡುಕೋದು ಲೇಸು. ಹಳೇ ಲ್ಯಾಪ್‌ಟಾಪ್ ಎಸೆಯಬೇಡಿ, ಲಿನಕ್ಸ್ ಹಾಕಿದರೆ ಮನೆಯ ಮಕ್ಕಳ ಓದಿಗೆ ಇನ್ನೂ ನಾಲ್ಕು ವರ್ಷ ಆರಾಮಾಗಿ ಬರುತ್ತೆ.