ನೆಟ್ ಇಲ್ಲದ ಊರಿನಲ್ಲೂ ಜಾಂಗೊ

ಕಾಮರ್ಸಿನವರಿಗೆ ವೆಬ್‌ಸೈಟ್ ಮಾಡುವ ಕೆಲಸ ಯಾಕೆ, ಅದು ಸೈನ್ಸಿನವರದ್ದಲ್ಲವೇ ಎಂದು ನಮ್ಮ ಕ್ಲಾಸಿನಲ್ಲೇ ಕೇಳುವವರಿದ್ದಾರೆ. ದಾಂಡೇಲಿಯ ಯಾವುದಾದರೂ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆರೆದು ನೋಡಿ. ಹೆಸರು, ತಾರೀಖು, ಬಾಕಿ, ಜಮಾ. ಪುಸ್ತಕ ನೆನೆದರೆ ಬಾಕಿಯೂ ಹೋಯಿತು. ನಮ್ಮ ಕಡೆಯ ಮಳೆಗಾಲ ಎಲ್ಲರಿಗೂ ಗೊತ್ತೇ ಇದೆ. ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಇಡಬೇಕಾದರೆ ಲೆಕ್ಕ ಗೊತ್ತಿದ್ದವರೇ ಬೇಕು. ಅದಕ್ಕೆ ನಾನು ಆರಿಸಿಕೊಂಡಿರುವುದು ಜಾಂಗೊ ಎಂಬ ಫ್ರೇಮ್‌ವರ್ಕ್.

ಫ್ರೇಮ್‌ವರ್ಕ್ ಎಂದರೆ ಮೊದಲೇ ಸಿದ್ಧವಾಗಿರುವ ಚೌಕಟ್ಟು. ಹೊಸ ಲೆಡ್ಜರ್ ಕೊಂಡಾಗ ಡೆಬಿಟ್, ಕ್ರೆಡಿಟ್ ಗೆರೆಗಳು ಅಚ್ಚಾಗಿಯೇ ಬರುತ್ತವಲ್ಲ, ಹಾಗೆ. ಲಾಗಿನ್, ಪಾಸ್‌ವರ್ಡ್, ಡೇಟಾಬೇಸ್, ನಮೂದು ಮಾಡುವ ಪುಟ ಇವೆಲ್ಲ ಜಾಂಗೊದಲ್ಲಿ ತಯಾರಾಗಿಯೇ ಇರುತ್ತವೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಪತ್ರಿಕಾ ಕಚೇರಿಯಲ್ಲಿ 2003ರಲ್ಲಿ ಇದರ ಕೆಲಸ ಶುರುವಾಯಿತು; 2005ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರು ಇಟ್ಟಿದ್ದಾರೆ. ಸ್ಪೆಲಿಂಗಿನಲ್ಲಿ ಮೊದಲು ಬರುವ 'ಡಿ' ಅಕ್ಷರವನ್ನು ಉಚ್ಚರಿಸುವುದಿಲ್ಲ, ಆದರೆ ಟೈಪ್ ಮಾಡುವಾಗ ಬಿಡಬಾರದು.

ಇಲ್ಲಿ ಆಜ್ಞೆಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಸ್ಪೆಲಿಂಗ್ ಇರುವ ಹಾಳೆಯನ್ನು ಲ್ಯಾಬಿನ ಬಾಗಿಲಿಗೆ ಹಚ್ಚಿದ್ದೇನೆ.

ಮೊದಲು ಪೈಥಾನ್ ಬೇಕು. ಇನ್‌ಸ್ಟಾಲ್ ಮಾಡುವ ಮೊದಲ ಪರದೆಯ ಕೆಳಗೆ 'ಆ್ಯಡ್ ಪೈಥಾನ್ ಟು ಪಾತ್' ಎಂಬ ಸಣ್ಣ ಚೌಕವಿದೆ, ಅದಕ್ಕೆ ಟಿಕ್ ಹಾಕಿಯೇ ಮುಂದೆ ಹೋಗಿ. ಟಿಕ್ ಹಾಕದಿದ್ದರೆ ಪೈಥಾನ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ, 'ಪೈಥಾನ್' ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ ಪೈಥಾನ್ 3.8ಕ್ಕಿಂತ ಹೊಸದು ನಡೆಯುವುದಿಲ್ಲ. ಆಗ ಜಾಂಗೊ 4.2 ಸಿಗುತ್ತದೆ, ಕಲಿಯಲು ಅದು ಧಾರಾಳ ಸಾಕು. ಹೊಸ ಲ್ಯಾಪ್‌ಟಾಪ್ ಇಲ್ಲ ಎಂದು ಯಾರೂ ಹಿಂದೆ ಸರಿಯಬೇಕಿಲ್ಲ.

ಈಗ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪವರ್‌ಶೆಲ್ ಬೇಡ, ಅದು ಕೆಲವು ಸಲ ಸ್ಕ್ರಿಪ್ಟ್ ಓಡಿಸಲು ಒಪ್ಪುವುದಿಲ್ಲ. 'ಪೈಥಾನ್ -ಎಮ್ ವೆನ್ವ್ ಖಾತಾ' ಎಂದು ಕೊಟ್ಟರೆ ಖಾತಾ ಎಂಬ ಪ್ರತ್ಯೇಕ ಕೋಣೆ ತಯಾರಾಗುತ್ತದೆ. ಒಂದು ಅಂಗಡಿಯ ಲೆಕ್ಕವನ್ನು ಇನ್ನೊಂದರ ಪುಸ್ತಕದಲ್ಲಿ ಬರೆಯುವುದಿಲ್ಲವಲ್ಲ, ಹಾಗೆಯೇ ಒಂದು ಕೆಲಸದ ಸಾಮಾನು ಇನ್ನೊಂದರ ಜೊತೆ ಬೆರೆಯದಿರಲಿ ಎಂದು ಈ ಏರ್ಪಾಡು. 'ಖಾತಾ\ಸ್ಕ್ರಿಪ್ಟ್ಸ್\ಆ್ಯಕ್ಟಿವೇಟ್' ಎಂದರೆ ಕೋಣೆಯೊಳಗೆ ಹೋದಂತೆ. ಸಾಲಿನ ಮೊದಲಿಗೆ ಕಂಸದಲ್ಲಿ ಖಾತಾ ಎಂದು ಕಾಣಬೇಕು. ಆಮೇಲೆ 'ಪಿಪ್ ಇನ್‌ಸ್ಟಾಲ್ ಜಾಂಗೊ'.

ನೆಟ್ ಬೇಕಾಗುವುದು ಇಷ್ಟಕ್ಕೆ ಮಾತ್ರ. ಜೋಯಿಡಾ ಕಡೆಯಿಂದ ಬರುವ ಗೆಳೆಯರು "ನಮ್ಮೂರಲ್ಲಿ ಫೋನ್ ಹಚ್ಚಬೇಕಂದ್ರೂ ಗುಡ್ಡ ಹತ್ತಬೇಕು, ನಮಗೆಲ್ಲಿಂದ ಇದು" ಅನ್ನುತ್ತಾರೆ. ಅವರಿಗಾಗಿಯೇ ಈ ದಾರಿ: ನೆಟ್ ಇರುವ ಕಡೆ 'ಪಿಪ್ ಡೌನ್‌ಲೋಡ್ ಜಾಂಗೊ' ಎಂದು ಕೊಡಿ. ಜಾಂಗೊ ಮತ್ತು ಅದಕ್ಕೆ ಬೇಕಾದ ಕೆಲವು ಸಣ್ಣ ಫೈಲುಗಳು ಆ ಫೋಲ್ಡರಿಗೆ ಬಂದು ಕೂರುತ್ತವೆ. ಪೆನ್ ಡ್ರೈವಿನಲ್ಲಿ ಮನೆಗೆ ಒಯ್ದು, ಆ ಫೋಲ್ಡರಿನಲ್ಲೇ ನಿಂತು 'ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್=. ಜಾಂಗೊ' ಎಂದು ಕೊಟ್ಟರೆ ಮುಗಿಯಿತು. ಸಮಾನ ಚಿಹ್ನೆಯ ನಂತರದ ಚುಕ್ಕಿಗೆ 'ಇದೇ ಫೋಲ್ಡರ್' ಎಂದರ್ಥ. ಎರಡೂ ಕಂಪ್ಯೂಟರಿನಲ್ಲಿ ಪೈಥಾನ್ ಒಂದೇ ಆವೃತ್ತಿಯದ್ದಿರಲಿ. ಪೈಥಾನ್ ಇನ್‌ಸ್ಟಾಲರನ್ನೂ ಅದೇ ಪೆನ್ ಡ್ರೈವಿಗೆ ಹಾಕಿಕೊಳ್ಳಿ.

ಮುಂದಿನದೆಲ್ಲ ನೆಟ್ ಇಲ್ಲದೆ ನಡೆಯುತ್ತದೆ. 'ಜಾಂಗೊ-ಆ್ಯಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್ ಅಂಗಡಿ' ಎಂದರೆ ಅಂಗಡಿ ಎಂಬ ಫೋಲ್ಡರ್ ಹುಟ್ಟುತ್ತದೆ. ಅದರೊಳಗೆ ಹೋಗಿ 'ಪೈಥಾನ್ ಮ್ಯಾನೇಜ್.ಪೈ ಮೈಗ್ರೇಟ್' ಮಾಡಿ, ಡೇಟಾಬೇಸ್ ತಯಾರಾಗುತ್ತದೆ. ನಂತರ 'ಪೈಥಾನ್ ಮ್ಯಾನೇಜ್.ಪೈ ರನ್‌ಸರ್ವರ್'. ಬ್ರೌಸರಿನಲ್ಲಿ 127.0.0.1:8000 ಎಂದು ಹಾಕಿದರೆ ರಾಕೆಟ್ ಚಿತ್ರ ಕಾಣುತ್ತದೆ. ಈ 127.0.0.1 ಎಂದರೆ ನಿಮ್ಮದೇ ಕಂಪ್ಯೂಟರ್. ಹೊರಗಿನ ಯಾರಿಗೂ ಇದು ಕಾಣುವುದಿಲ್ಲ.

ರಾಕೆಟ್ ಬಂತೆಂದು ಅಲ್ಲೇ ನಿಲ್ಲಬೇಡಿ. 'ಸೆಟ್ಟಿಂಗ್ಸ್.ಪೈ' ಎಂಬ ಫೈಲಿನಲ್ಲಿ 'ಟೈಮ್ ಜೋನ್' ಎಂಬ ಸಾಲಿದೆ, ಅಲ್ಲಿ ಯುಟಿಸಿ ಎಂದಿರುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಹಾಲಿನ ಅಂಗಡಿಯವರು ಏಪ್ರಿಲ್ 1ರ ಬೆಳಗಿನ 5 ಗಂಟೆಗೆ ಬರೆದ ಉದ್ರಿ, ಮಾರ್ಚ್ 31ರ ರಾತ್ರಿ 11.30 ಎಂದು ಕಾಣುತ್ತದೆ. ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ: ವ್ಯವಹಾರ ಹಿಂದಿನ ಹಣಕಾಸು ವರ್ಷಕ್ಕೆ ಹೋಯಿತು! ಅಲ್ಲಿ 'ಏಷ್ಯಾ/ಕೋಲ್ಕತಾ' ಎಂದು ಬದಲಿಸಿ.

ಅದರ ಹತ್ತಿರದಲ್ಲೇ 'ಲ್ಯಾಂಗ್ವೇಜ್ ಕೋಡ್' ಇದೆ. ಅಲ್ಲಿ 'ಕೆಎನ್' ಎಂದು ಬರೆದರೆ ಆ್ಯಡ್ಮಿನ್ ಪುಟ ಕನ್ನಡದಲ್ಲಿ ಬರುತ್ತದೆ. ಪೂರ್ತಿ ಅಲ್ಲ, ಅನುವಾದವಾಗದ ಮಾತುಗಳು ಇಂಗ್ಲಿಷಿನಲ್ಲೇ ಉಳಿಯುತ್ತವೆ. 'ಯುಆರ್' ಎಂದರೆ ಉರ್ದು, ಇಡೀ ಪುಟವೇ ಬಲದಿಂದ ಎಡಕ್ಕೆ ತಿರುಗಿ ಕೂರುತ್ತದೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಇದನ್ನು ತೋರಿಸಿದಷ್ಟೂ ಸಾಲದು. ಅಮ್ಮಿಗೆ ಎರಡು ಸಲ ತೋರಿಸಿದ್ದೇನೆ. ಪುಟದ ಭಾಷೆ ಏನೇ ಇರಲಿ, ಗಿರಾಕಿಯ ಹೆಸರನ್ನು ಯಾವ ಲಿಪಿಯಲ್ಲಿ ಬೇಕಾದರೂ ಬರೆಯಬಹುದು. 'ಪೈಥಾನ್ ಮ್ಯಾನೇಜ್.ಪೈ ಕ್ರಿಯೇಟ್‌ಸೂಪರ್‌ಯೂಸರ್' ಎಂದು ಕೊಟ್ಟು ಲಾಗಿನ್ ಮಾಡಿಕೊಂಡರೆ ಈ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ.

ಉದ್ರಿ ಪುಸ್ತಕದ ಕಾಲಂಗಳನ್ನು 'ಮಾಡೆಲ್ಸ್.ಪೈ' ಎಂಬ ಫೈಲಿನಲ್ಲಿ ಬರೆಯಬೇಕು. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಒಂದನ್ನು ಮಾತ್ರ ಈಗಲೇ ಹೇಳುತ್ತೇನೆ. ಹಣದ ಕಾಲಂಗೆ 'ಫ್ಲೋಟ್ ಫೀಲ್ಡ್' ಬಳಸಬೇಡಿ, 'ಡೆಸಿಮಲ್ ಫೀಲ್ಡ್' ಬಳಸಿ. ಪೈಥಾನಿನಲ್ಲಿ 0.1 + 0.2 ಎಂದು ಕೂಡಿಸಿ ನೋಡಿ, 0.30000000000000004 ಬರುತ್ತದೆ. ಕಂಪ್ಯೂಟರ್ ಎಣಿಸುವುದು ಸೊನ್ನೆ ಮತ್ತು ಒಂದರಲ್ಲಿ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದ ಹಾಗೆ, ಅದಕ್ಕೆ 0.1 ಮುಗಿಯುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ರಾತ್ರಿ ಕೂತವರಿಗೆ ಇದರ ಬೆಲೆ ಗೊತ್ತು.

ಪೈಥಾನ್, ಜಾಂಗೊ ಎರಡೂ ಇರುವ ಫೋಲ್ಡರ್ ನನ್ನ ಹತ್ತಿರವಿದೆ. ಶನಿವಾರ ಜೊಹರ್ ನಮಾಜಿನ ನಂತರ ಲ್ಯಾಬಿನಲ್ಲಿರಲು ಕಂಪ್ಯೂಟರ್ ಸರ್ ಒಪ್ಪಿದ್ದಾರೆ. ಜೋಯಿಡಾ, ಮುಂಡಗೋಡ ಕಡೆಯವರು ಬಸ್ಸಿನ ಹೊತ್ತು ನೋಡಿಕೊಂಡು ಮೊದಲು ಬನ್ನಿ. ಪೆನ್ ಡ್ರೈವ್ ನೀವೇ ತರಬೇಕು.