ಟ್ರ್ಯಾಕ್ಟರ್ ರಿಪೇರಿ ಮನೆಯಲ್ಲೇ: ಎಲ್ಲಿವರೆಗೆ ಕೈ ಹಾಕಬಹುದು?

ನ್ಯಾಮತಿ ಕಡೆ ಮೆಕ್ಕೆಜೋಳ ಬಿತ್ತೋ ಹದ ಬಂದಾಗಲೇ ಟ್ರ್ಯಾಕ್ಟರ್ ಕೈಕೊಟ್ರೆ ಏನು ಪಾಡು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗ್ಯಾರೇಜ್‌ನಲ್ಲಿ ಸಾಲು ನಿಂತಿರುತ್ತೆ, ಮೇಸ್ತ್ರಿಗೆ ಫೋನ್ ಮಾಡಿದ್ರೆ "ನಾಳೆ ಬರ್ತೀನಿ" ಅಂತಾರೆ. ಆಗ ನಾವೇ ಪಾನಾ ಹಿಡೀತೀವಿ. ತಪ್ಪೇನಿಲ್ಲ. ಆದರೆ ವಿಡಿಯೋದಲ್ಲಿ ಹತ್ತು ನಿಮಿಷಕ್ಕೆ ಮುಗಿಯೋ ಕೆಲಸ ನಮ್ಮ ಕಣದಲ್ಲಿ ಅರ್ಧ ದಿನ ತಿನ್ನುತ್ತೆ, ಅದು ಗೊತ್ತಿದ್ದೇ ಶುರು ಮಾಡಬೇಕು.

ನಾನು ಮೊದಲ ಸಲ ಡೀಸೆಲ್ ಫಿಲ್ಟರ್ ಬದಲಿಸಿದ ಕಥೆ ಕೇಳಿ. ಸಂಜೆ ಹಾಕಿದೆ, ಗಾಡಿ ಸ್ಟಾರ್ಟ್ ಆಯ್ತು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಬ್ಯಾಟರಿಯೂ ಇಳೀತು. ಕೊನೆಗೆ ಬಿಚ್ಚಿ ನೋಡಿದ್ರೆ ಹಳೇ ರಬ್ಬರ್ ವಾಷರ್ ಮೇಲೇ ಅಂಟಿಕೊಂಡಿತ್ತು, ಅದರ ಮೇಲೆ ಹೊಸದು ಕೂತಿತ್ತು. ಎರಡು ವಾಷರ್ ಇದ್ದಿದ್ದಕ್ಕೆ ಬಿಗಿಯಾಗಿ ಕೂರದೆ ಡೀಸೆಲ್ ಜಿನುಗಿ, ಅದೇ ಸಂದಿಯಿಂದ ರಾತ್ರಿಯೆಲ್ಲಾ ಗಾಳಿ ಒಳಗೆ ಹೋಗಿತ್ತು. ಫಿಲ್ಟರ್ ತೆಗೆದ ಮೇಲೆ ಆ ಜಾಗಕ್ಕೆ ಬೆರಳಾಡಿಸಿ ನೋಡಿ. ಬಿಚ್ಚೋ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಫೋಟೋ ತಗೊಳ್ಳಿ, ಯಾವ ವಾಷರ್ ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ.

ಏರ್ ಹಿಡಿದ್ರೆ ತೆಗೆಯೋದು ಕಷ್ಟವಲ್ಲ. ಟ್ಯಾಂಕ್‌ನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪ್‌ನ ಸ್ಕ್ರೂಗೂ ಹಾಗೇ. ಸೆಲ್ಫ್ ಒಂದೇ ಸಮ ಎಳೀಬೇಡಿ, ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡಿ, ಇಲ್ಲಾಂದ್ರೆ ಸೆಲ್ಫ್ ಮೋಟಾರ್ ಸುಡುತ್ತೆ.

ಇದೆಲ್ಲ ಹಳೇ ಮಾದರಿ ಎಂಜಿನ್‌ಗೆ. 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಮಾಲಿನ್ಯ ನಿಯಮ ಬಂದ ಮೇಲೆ ಕಾಮನ್ ರೈಲ್ ಎಂಜಿನ್‌ಗಳು ಹೆಚ್ಚಾಗಿವೆ. ಇವತ್ತಿನ ಡೀಸೆಲ್ ಪಿಕಪ್‌ಗಳಲ್ಲೂ ಅದೇ. ಅವುಗಳ ಪೈಪ್ ಒಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡ ಇರುತ್ತೆ, ನಿಮ್ಮ ಬೈಕ್ ಟೈರ್‌ನಲ್ಲಿ ಇರೋದು ಎರಡು ಬಾರ್ ಆಸುಪಾಸು. ಎಂಜಿನ್ ಓಡ್ತಿರುವಾಗ ಆ ನಟ್ ಸಡಿಲಿಸಿದ್ರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಅಂಥ ಗಾಡಿಯ ಇಂಧನ ಪೈಪ್‌ಗೆ ಕೈ ಹಾಕಲೇಬೇಡಿ.

ಉಳಿದ ಕೆಲಸ ಹೊಲದ ಮೇಲಿದೆ. ಜಗಳೂರಿನ ಬೇಸಿಗೆ ಧೂಳಿನಲ್ಲಿ ಉಳುಮೆ ಮಾಡೋರು ಏರ್ ಕ್ಲೀನರ್ ಮರೀಬಾರದು. ಆಯಿಲ್ ಬಾತ್ ಇದ್ರೆ ದಿನಾ ಬಟ್ಟಲು ಬಿಚ್ಚಿ ನೋಡಿ, ತಳದಲ್ಲಿ ಕೆಸರು ಕೂತಿದ್ರೆ ತೊಳೆದು ಹೊಸ ಆಯಿಲ್ ಗುರುತಿನವರೆಗೆ ಮಾತ್ರ ಹಾಕಿ. ಪೇಪರ್ ಫಿಲ್ಟರ್ ಇದ್ರೆ ಗಾಳಿಯನ್ನು ಒಳಗಿಂದ ಹೊರಗೆ, ಸಣ್ಣಗೆ ಬಿಡಿ. ಹೊನ್ನಾಳಿ ಕಡೆ ಕೆಸರು ಗದ್ದೆಯಲ್ಲಿ ದುಡಿದ ಗಾಡಿಗೆ ಕೆಲಸ ಮುಗಿದ ದಿನವೇ ಗ್ರೀಸ್ ಗನ್ ಹಿಡೀರಿ, ಹಳೇ ಗ್ರೀಸ್ ನೀರಿನ ಜೊತೆ ಹೊರಗೆ ಬರೋವರೆಗೆ.

ಇನ್ನು ಜಾಕ್. ಚನ್ನಗಿರಿ ಕಡೆ ಅಡಿಕೆ ತುಂಬೋ ಪಿಕಪ್‌ಗಳ ಕೆಳಗೆ ಬರೀ ಜಾಕ್ ನಂಬಿ ನುಗ್ಗೋರನ್ನ ನೋಡಿದಾಗ ನನಗೆ ಜೀವ ಹೋದಂಗಾಗುತ್ತೆ. ತೋಟದ ಮೆತ್ತಗಿನ ಮಣ್ಣಲ್ಲಿ ಜಾಕ್ ಜಾರುತ್ತೆ. ಗಟ್ಟಿ ನೆಲ ನೋಡಿ, ಉಳಿದ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿ, ಚಾಸಿಗೆ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಕೊಟ್ಟ ಮೇಲೇ ಕೆಳಗೆ ಹೋಗಿ. ಇಟ್ಟಿಗೆ ಬೇಡ, ಒಡೆಯುತ್ತೆ. ವೈರಿಂಗ್ ಮುಟ್ಟೋ ಮುಂಚೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಹಾಕೋವಾಗ ಅದೇ ಕೊನೆಗೆ.

ಬ್ರೇಕ್, ಹೈಡ್ರಾಲಿಕ್, ಗೇರ್‌ಬಾಕ್ಸ್ ಮೇಸ್ತ್ರಿಗೇ ಬಿಡಿ. ಆಯಿಲ್ ಡ್ರೈನ್ ನಟ್ ಅನ್ನು ಪಾನಾಗೆ ಪೈಪ್ ಹಾಕಿ ಬಿಗಿ ಮಾಡ್ಬೇಡಿ. ನಾನು ಮಾಡಿ ಥ್ರೆಡ್ ಕಿತ್ತು, ಉಳಿಸಿದ ಮಜೂರಿಗಿಂತ ಹೆಚ್ಚು ಲೇತ್‌ನವರಿಗೆ ಕೊಟ್ಟೆ. ವಾರಂಟಿ ಇನ್ನೂ ಇದ್ರೆ ಕಾರ್ಡಿನ ಷರತ್ತು ಓದಿ, ಹೊರಗೆ ಬಿಚ್ಚಿದ್ದಕ್ಕೆ ಕ್ಲೇಮ್ ಹೋಗಬಹುದು.

ಇಳಿಸಿದ ಹಳೇ ಆಯಿಲ್ ಅನ್ನು ಬೇಲಿ ಬುಡಕ್ಕೋ ಹಳ್ಳಕ್ಕೋ ಸುರೀಬೇಡಿ, ಕೊನೆಗೆ ಅದು ಸೇರೋದು ನಮ್ಮದೇ ಬಾವಿ ನೀರಿಗೆ. ಹಳೇ ಕ್ಯಾನಿಗೆ ತುಂಬಿಟ್ಟು, ಮುಂದಿನ ಸಲ ಪೇಟೆಗೆ ಹೋಗುವಾಗ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ಗೆ ಕೊಟ್ಟುಬಿಡಿ.